ಬಿಸಿಲುಗಾಲದ ಕೊಡೆ

ಮರಳೂರಿನ ಖುರ್ಷಿದ್ ಪಾಷಾ ಕೊಡೆ ರಿಪೇರಿ ಮಾಡುತ್ತಿದ್ದ; ಅವನ ಹೆಂಡತಿ ನಜೀರಾ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದಳು. ಮಳೆ ಹಿಡಿದರೆ ಅವನ ಕೈಗೆ ಬಿಡುವಿಲ್ಲ, ಬಿಸಿಲೇರಿದರೆ ಇವಳ ಕಾಲಿಗೆ ಬಿಡುವಿಲ್ಲ. ಸಂಕ್ರಾಂತಿ ಕಳೆಯುತ್ತಿದ್ದಂತೆ ಮನೆಯ ಹಜಾರದಿಂದ ಕೊಡೆಯ ಕಡ್ಡಿ, ಕಪ್ಪು ಬಟ್ಟೆಯ ತುಂಡುಗಳೆಲ್ಲ ಅಟ್ಟ ಸೇರುತ್ತಿದ್ದವು. ಆ ಜಾಗಕ್ಕೆ ಗೋಣಿಚೀಲಗಳು ಬರುತ್ತಿದ್ದವು. ಓಣಿಯ ಹೆಂಗಸರು ಬಂದು ಗೋಡೆಗೊರಗಿ ಕುಳಿತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದರು. ಇಡೀ ಮನೆಗೆ ಹುಳಿಯ ವಾಸನೆ ಅಂಟುತ್ತಿತ್ತು.

"ನಮ್ಮ ಮನೇಲಿ ಅರ್ಧ ವರ್ಷ ಗಂಡನ ರಾಜ್ಯ, ಅರ್ಧ ವರ್ಷ ಹೆಂಡತಿ ರಾಜ್ಯ," ಎಂದು ಪಾಷಾ ಗಿರಾಕಿಗಳಿಗೆ ಹೇಳುತ್ತಿದ್ದ. "ಈಗ ಅವಳ ಸರ್ಕಾರ ನಡೀತಾ ಇದೆ. ನನ್ನನ್ನ ಏನೂ ಕೇಳಬೇಡಿ."

ಹುಣಸೆಯ ಕೆಲಸ ನಜೀರಾಳಿಗೆ ತವರಿನಿಂದ ಬಂದದ್ದು. ಅವಳ ಅಪ್ಪ ಕರೀಂ ಸಾಬ್ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಕುಣಿಗಲ್ ರಸ್ತೆಯ ಉದ್ದಕ್ಕೂ ಹೋಗಿ ಹುಣಸೆಮರಗಳ ಫಸಲನ್ನು ಗುತ್ತಿಗೆ ಹಿಡಿಯುತ್ತಿದ್ದವನು. ಒಬ್ಬಳೇ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಮರದಲ್ಲಿ ಎಷ್ಟು ಚೀಲ ಹಣ್ಣಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವುದನ್ನು ಅವನೇ ಕಲಿಸಿದ. ಅವನದೊಂದು ಪದ್ಧತಿಯಿತ್ತು. ಫಸಲು ಕಿತ್ತು ಮುಗಿಸುವಾಗ ಪ್ರತಿ ಮರದಲ್ಲೂ ಒಂದು ಕೊಂಬೆಯ ಹಣ್ಣನ್ನು ಮುಟ್ಟದೆ ಬಿಡಬೇಕು. ಅದು ಹಕ್ಕಿ ಪಾಲು. ಅಪ್ಪ ಹೋದ ಮೇಲೆ ನಜೀರಾ ಗಾಡಿ ಬಿಟ್ಟು ಬಸ್ಸು ಹಿಡಿದಳು, ಆದರೆ ಹಕ್ಕಿ ಪಾಲು ಬಿಡಲಿಲ್ಲ.

ಅವಳು ವರ್ಷವರ್ಷವೂ ತಪ್ಪದೆ ಹಿಡಿಯುತ್ತಿದ್ದ ಮರಗಳು ಬೆಳವನಕಟ್ಟೆಯವು. ಗುಬ್ಬಿಗೂ ಕುಣಿಗಲ್ಲಿಗೂ ನಡುವೆ, ಬಸ್ಸಿಳಿದು ಒಂದಷ್ಟು ನಡೆದರೆ ಸಿಗುವ ಪುಟ್ಟ ಊರು. ಒಂದು ಕೆರೆ, ಕೆರೆ ಏರಿಯ ಹಿಂದೆ ಹಳೆಯ ಹುಣಸೆತೋಪು. ಬೇಸಿಗೆಯಲ್ಲಿ ಆ ತೋಪಿಗೆ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ಹಳದಿ ಕೊಕ್ಕಿನ, ಬಾಲದ ಹತ್ತಿರ ಗುಲಾಬಿ ಓಕುಳಿ ಚಿಮುಕಿಸಿದಂತೆ ಕಾಣುವ ದೊಡ್ಡ ಹಕ್ಕಿಗಳು. ಅವು ಬಂದವೆಂದರೆ ಆ ಮರಗಳ ಕೆಳಗೆ ಕೊಡೆಯಿಲ್ಲದೆ ಯಾರೂ ಓಡಾಡುವಂತಿರಲಿಲ್ಲ. ಮೇಲಿನಿಂದ ಹಿಕ್ಕೆಯ ಸುಣ್ಣದ ಮಳೆ. ನಜೀರಾ ಗೂಡಿನ ಮರಗಳ ಹಣ್ಣನ್ನು ಸಂಕ್ರಾಂತಿ ಮುಗಿದ ಕೂಡಲೇ, ಇನ್ನೂ ದೋರೆಗಾಯಿಯಾಗಿರುವಾಗಲೇ ಕಿತ್ತು ಮುಗಿಸಿ, ಆಮೇಲೆ ತೋಪಿನಾಚೆಯ, ಹಕ್ಕಿಗಳಿಲ್ಲದ ಮರಗಳಿಗೆ ಕೈಹಾಕುತ್ತಿದ್ದಳು. ಆದರೂ ದಾರಿ ಮಾತ್ರ ತೋಪಿನ ನಡುವೆಯೇ.

"ಏನಮ್ಮ, ಆಕಾಶದಲ್ಲಿ ಒಂದ್ ಚೂರು ಮೋಡ ಇಲ್ಲ, ಕೊಡೆ ಯಾಕೆ ಹೊರ್ತೀಯಾ?" ಎಂದು ಹೊಸ ಕಂಡಕ್ಟರುಗಳು ಕೇಳುತ್ತಿದ್ದರು.

"ನಾನ್ ಹೋಗೋ ಊರಲ್ಲಿ ಮಳೆ ಕಣಪ್ಪ," ಎನ್ನುತ್ತಿದ್ದಳು ನಜೀರಾ.

ಆ ಸುಣ್ಣ ಕೊಡೆಯ ಬಟ್ಟೆಯನ್ನು ಒಂದೇ ಬೇಸಿಗೆಯಲ್ಲಿ ತಿಂದುಹಾಕುತ್ತಿತ್ತು. ಬೆಳವನಕಟ್ಟೆಯ ಮನೆಮನೆಯ ಕೊಡೆಗಳೂ ಮುಂಗಾರಿಗೆ ಮೊದಲು ಪಾಷಾನ ಕೈಗೆ ಬರುತ್ತಿದ್ದವು. ಅವನು ಬಿಚ್ಚಿ ನೋಡಿ, "ಈ ಸಲ ನಿನ್ನ ನೆಂಟರು ಜಾಸ್ತಿ ಬಂದಿದ್ರು," ಎಂದೋ, "ಕಮ್ಮಿ ಬಂದಿದ್ರು" ಎಂದೋ ಹೆಂಡತಿಗೆ ಹೇಳುತ್ತಿದ್ದ. ಅವನು ಒಂದು ಸಲವೂ ಆ ಊರನ್ನು ನೋಡಿದವನಲ್ಲ.

ಎಂಬತ್ತರ ದಶಕ ಮುಗಿಯಲು ಬಂದಾಗ ಬೆಳವನಕಟ್ಟೆಗೆ ಒಂದು ಜೀಪು ಬಂತು. ಅದರಿಂದ ಇಳಿದವನು ಸುಬ್ಬಕೃಷ್ಣ, ತುಮಕೂರಿನ ಒಂದು ಯೋಜನಾ ಕಚೇರಿಯ ಹುಡುಗುಮುಖದ ಅಧಿಕಾರಿ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತಾಲ್ಲೂಕಿನ ಕೆರೆ, ಕುರುಚಲು ಕಾಡು, ಗುಡ್ಡಗಳಿಗೆಲ್ಲ ಸೇರಿಸಿ ಒಂದು ಯೋಜನೆ ಮಾಡುವುದು ಅವನ ಕೆಲಸ. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ದ್ಯಾವಪ್ಪನ ಜಗಲಿಯ ಗೋಡೆಗೆ ಅವನೊಂದು ದೊಡ್ಡ ನಕ್ಷೆ ತೂಗುಹಾಕಿದ. ಊರಿನವರೆಲ್ಲ ಸೇರಿದರು. ಮರಗಳ ಗುತ್ತಿಗೆ ಮಾತಾಡಲು ಬಂದಿದ್ದ ನಜೀರಾಳೂ ಕಂಬದ ಪಕ್ಕ ಕುಳಿತಳು.

"ಕೊಕ್ಕರೆಗೆ ತಾಲ್ಲೂಕು ಗಡಿ ಗೊತ್ತಿಲ್ಲ," ಎಂದ ಸುಬ್ಬಕೃಷ್ಣ. ನಕ್ಷೆಯ ಮೇಲೆ ಪೆನ್ಸಿಲ್ ಆಡಿಸುತ್ತ, ಹಕ್ಕಿಗಳು ಗೂಡು ಕಟ್ಟುವುದು ಇಲ್ಲಿ, ಮರಿಗಳಿಗೆ ಮೀನು ತರುವುದು ಗುಬ್ಬಿ ಕೆರೆಯಿಂದ, ಕುಣಿಗಲ್ ಕೆರೆಯಿಂದ, ನಡುವಿನ ಹತ್ತಾರು ಸಣ್ಣ ಕಟ್ಟೆಗಳಿಂದ ಎಂದು ತೋರಿಸಿದ. ಇಲ್ಲಿಯ ಮರ ಉಳಿಸಿ ಅಲ್ಲಿಯ ಕೆರೆ ಒಣಗಿಸಿದರೆ ಪ್ರಯೋಜನವಿಲ್ಲ, ಅಲ್ಲಿಯ ಕೆರೆ ಉಳಿಸಿ ಇಲ್ಲಿಯ ಮರ ಕಡಿದರೂ ಪ್ರಯೋಜನವಿಲ್ಲ.

"ಅಂದ್ರೆ ಮಲಗೋ ಕೋಣೆ ಇಲ್ಲಿ, ಅಡುಗೆ ಮನೆ ಗುಬ್ಬೀಲಿ," ಎಂದಳು ನಜೀರಾ.

ಸುಬ್ಬಕೃಷ್ಣ ನಕ್ಕ. "ಹೌದಮ್ಮ. ಎರಡೂ ಸೇರಿದ್ರೇ ಮನೆ. ನಾವು ಇಷ್ಟು ವರ್ಷ ಒಂದೊಂದ್ ಕೋಣೆಗೆ ಒಂದೊಂದ್ ಆಫೀಸು ಮಾಡ್ಕೊಂಡು ಕೂತಿದ್ವಿ."

ಆಮೇಲೆ ಅವನು ಹೇಳಿದ ಸಂಗತಿಗೆ ಜಗಲಿಯ ನಗು ಇಳಿಯಿತು. ಕೆರೆಯಂಗಳದಲ್ಲಿ ಇಟ್ಟಿಗೆ ಗೂಡು ಹಾಕುತ್ತೇವೆ, ಸುಡಲು ತೋಪಿನ ಮರ ಕೊಡಿ ಎಂದು ಹೊರಗಿನವರ ಅರ್ಜಿಯೊಂದು ಬಂದಿತ್ತು. ಹುಣಸೆ ಕಟ್ಟಿಗೆಯ ಬೆಂಕಿ ಜೋರು, ಇಟ್ಟಿಗೆ ಚೆನ್ನಾಗಿ ಬೇಯುತ್ತದೆ. ಬೇಸಿಗೆಯ ಕೊನೆಗೆ ಒಂದು ಸಮಿತಿ ಬಂದು ತೋಪನ್ನು ನೋಡುತ್ತದೆ. ಹಕ್ಕಿ ಗೂಡುಗಳಿದ್ದರೆ ತೋಪು ಯೋಜನೆಯಲ್ಲಿ ಉಳಿಯುತ್ತದೆ. ಖಾಲಿಯಿದ್ದರೆ ಇಟ್ಟಿಗೆಯವರ ಪಾಲು.

"ಅದಕ್ಕೇ ಈ ವರ್ಷ ಹಕ್ಕಿಗಳಿಗೆ ಏನೂ ತೊಂದರೆ ಆಗಬಾರದು," ಎಂದ ಸುಬ್ಬಕೃಷ್ಣ. "ಹಣ್ಣು ಬಡಿಯೋವಾಗ ಅವಕ್ಕೆ ಕಿರಿಕಿರಿ ಆಗಲ್ವಾ?"

ಎಲ್ಲರೂ ನಜೀರಾಳ ಕಡೆ ತಿರುಗಿದರು. ಬೇರೆ ಗುತ್ತಿಗೆಯವರಂತೆ ಗಳದಿಂದ ಕೊಂಬೆ ಬಡಿದವಳಲ್ಲ ಅವಳು. ತುದಿಗೆ ಕೊಕ್ಕೆ ಕಟ್ಟಿದ ದೋಟಿಯಿಂದ ಮೆಲ್ಲಗೆ ಕೀಳುವವಳು. ಆ ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕರೀಂ ಸಾಬನ ಮಗಳಿಗೆ ರೋಷ ಬಂದಿತ್ತು.

"ನಮ್ಮಪ್ಪನ ಕಾಲದಿಂದ ಮರಕ್ಕೊಂದು ಕೊಂಬೆ ಹಕ್ಕಿ ಪಾಲು ಅಂತ ಬಿಟ್ಕೊಂಡ್ ಬಂದಿದೀವಿ ಸಾರ್. ಈ ವರ್ಷ ಕೊಂಬೆ ಏನು, ಇಡೀ ತೋಪೇ ಹಕ್ಕಿ ಪಾಲು. ಒಂದ್ ಹಣ್ಣು ಮುಟ್ಟಲ್ಲ. ಬರ್ಕೊಳಿ."

ಜನ ಚಪ್ಪಾಳೆ ತಟ್ಟಿದರು. ಸುಬ್ಬಕೃಷ್ಣ ನಿಜವಾಗಿಯೂ ಬರೆದುಕೊಂಡ. ದ್ಯಾವಪ್ಪನ ಹೆಂಡತಿ ಚಿಕ್ಕಮಾರಮ್ಮ ಮಾತ್ರ ಎಲೆಯಡಿಕೆ ಅಗಿಯುತ್ತ, "ಅಲ್ಲಾ ಕಣೇ ನಜೀರಾ, ಕೊಕ್ಕರೆ ತಿನ್ನಾದು ಮೀನು. ಹುಣಸೆಹಣ್ಣು ಅವಕ್ಯಾಕೆ? ಸಾರಿಗೆ ಹುಳಿ ಹಿಂಡ್ಕೊಳಕಾ?" ಎಂದಳು. ಎಲ್ಲರೂ ನಕ್ಕರು. ನಜೀರಾಳೂ ನಕ್ಕಳು. ಅದನ್ನು ತಮಾಷೆಯೆಂದೇ ತಿಳಿದು ಮರೆತುಬಿಟ್ಟಳು.

ಆ ವರ್ಷ ಮರಳೂರಿನ ಹಜಾರಕ್ಕೆ ಬೇರೆ ಊರಿನ ಹಣ್ಣು ಬಂತು. ಸಂಜೆ ಗಂಡನೆದುರು ಕುಳಿತು ನಜೀರಾ ಬೆಳವನಕಟ್ಟೆಯ ಮರಗಳು ಹಣ್ಣು ಹೊತ್ತುಕೊಂಡೇ ಹೇಗೆ ತೂಗುತ್ತಿರಬಹುದು, ನಡುವೆ ಗೂಡುಗಳು ಹೇಗೆ ಕೂತಿರಬಹುದು ಎಂದು ವರ್ಣಿಸುತ್ತಿದ್ದಳು. ಪಾಷಾ ಹೂಂಗುಟ್ಟುತ್ತಿದ್ದ.

ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಗ್ಗೆ ದ್ಯಾವಪ್ಪ ಮನೆಯ ಬಾಗಿಲಿಗೆ ಬಂದ. ಕಂಕುಳಲ್ಲಿ ಕೊಡೆ.

"ಬನ್ನಿ ದ್ಯಾವಪ್ಪನೋರೇ. ಏನು, ಈ ಸಲ ಇಷ್ಟ್ ಬೇಗ?" ಎನ್ನುತ್ತ ಪಾಷಾ ಕೊಡೆ ತೆಗೆದುಕೊಂಡು ಬಿಚ್ಚಿದ. ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದ. ಒಂದು ತೂತಿಲ್ಲ, ಒಂದು ಕಡ್ಡಿ ಮುರಿದಿಲ್ಲ. ಹೋದ ಮಳೆಗಾಲಕ್ಕೆ ಅವನೇ ಹಾಕಿದ ಬಟ್ಟೆ ಹೊಸದರಂತೆ ಕಪ್ಪಗೆ ಮಿಂಚುತ್ತಿತ್ತು.

"ಇದಕ್ಕೇನೂ ಆಗಿಲ್ವಲ್ಲ."

"ಏನೂ ಆಗಿಲ್ಲ ಸಾಬ್ರೇ," ಎಂದ ದ್ಯಾವಪ್ಪ. "ಅದನ್ನೇ ನಜೀರಮ್ಮಂಗೆ ತೋರ್ಸಾನ ಅಂತ ತಂದೆ."

ಹಣ್ಣು ಕುಟ್ಟುತ್ತಿದ್ದ ನಜೀರಾಳ ಕೈ ನಿಂತಿತು. ಅವಳು ಎದ್ದು ಬಂದು ಕೊಡೆಯ ಬಟ್ಟೆಯ ಮೇಲೆ ಬೆರಳಾಡಿಸಿದಳು. ಇಷ್ಟು ಹೊತ್ತಿಗೆ ಅದು ಕಲೆಕಲೆಯಾಗಿ ಗಟ್ಟಿಯಾಗಿರಬೇಕಿತ್ತು.

"ಬಂದಿಲ್ವಾ?"

"ಬಂದವೆ ತಾಯಿ. ಕೆರೆ ನಡುವಿನ ದಿಬ್ಬದ ಮ್ಯಾಲೆ ನಿಂತವೆ. ಮರಕ್ಕೆ ಮಾತ್ರ ಬತ್ತಾ ಇಲ್ಲ. ಮರದಲ್ಲಿ ಬೇರೆಯೋರು ಸಂಸಾರ ಹೂಡವ್ರೆ."

ಆ ಬೇರೆಯವರನ್ನು ನೋಡಲು ನಜೀರಾ ದ್ಯಾವಪ್ಪನ ಜೊತೆಯಲ್ಲೇ ಬಸ್ಸು ಹತ್ತಿದಳು. ತೋಪಿನ ತುಂಬ ಕೋತಿಗಳು. ಪ್ರತಿ ವರ್ಷ ಈ ಹೊತ್ತಿಗೆ ಗೂಡಿನ ಮರಗಳಲ್ಲಿ ಹಣ್ಣೇ ಇರುತ್ತಿರಲಿಲ್ಲ. ಉಳಿದ ಒಂದೊಂದು ಕೊಂಬೆಗಾಗಿ ರಸ್ತೆಯಾಚೆಯ ಗುಡ್ಡದಿಂದ ಇಷ್ಟು ದೂರ ಬರುವ ಶ್ರಮ ಯಾವ ಕೋತಿಯೂ ಪಡುತ್ತಿರಲಿಲ್ಲ. ಈ ವರ್ಷ ಗುಡ್ಡದ ಹಿಂಡು ಪೂರ್ತಿ, ಕೈಗೂಸುಗಳ ಸಮೇತ ಇಳಿದು ಬಂದಿತ್ತು. ಒಂದು ಮುದಿ ಗಡವ ಕವೆಗೊಂಬೆಯ ಮೇಲೆ ಕಾಲು ಚಾಚಿ ಕುಳಿತು ಹಣ್ಣು ಚೀಪಿ ಬೀಜವನ್ನು ಸರಿಯಾಗಿ ನಜೀರಾಳ ಮುಂದಕ್ಕೆ ಉಗುಳಿತು. ಮರದ ಕೆಳಗೆ ಹೊಸದಾಗಿ ಮುರಿದುಬಿದ್ದ ಗೂಡಿನ ಕಡ್ಡಿಗಳಿದ್ದವು, ಒಡೆದ ಒಂದು ಮೊಟ್ಟೆಯಿತ್ತು. ದೂರದಲ್ಲಿ, ಕೆರೆಯ ದಿಬ್ಬದ ಮೇಲೆ, ಕೊಕ್ಕರೆಗಳು ತಪ್ಪಿಹೋದ ಬಸ್ಸಿಗೆ ಕಾಯುವವರಂತೆ ಸಾಲಾಗಿ ನಿಂತಿದ್ದವು.

ದ್ಯಾವಪ್ಪ ಹಳೆಯ ಡಬ್ಬವೊಂದನ್ನು ಬಡಿದು ತೋರಿಸಿದ. ಕೋತಿಗಳು ಓಡಿದವು, ಕೊಕ್ಕರೆಗಳೂ ದಿಗಿಲುಬಿದ್ದು ಹಾರಿಹೋದವು. ಅವರು ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಕೋತಿಗಳು ಹಿಂತಿರುಗಿ ಬಂದವು. ಕೊಕ್ಕರೆಗಳು ಹೊತ್ತು ಇಳಿಯುವ ತನಕ ಬರಲಿಲ್ಲ.

"ಡಬ್ಬ ಬಡದ್ರೆ ಬಿಟ್ಟೋಗಬೇಕಾದೋರು ಇರ್ತಾರೆ, ಇರಬೇಕಾದೋರು ಬಿಟ್ಟೋಯ್ತಾರೆ," ಎಂದ ದ್ಯಾವಪ್ಪ ಬೇಸರದಿಂದ.

ನಜೀರಾ ಏರಿಯ ಮೇಲೆ ಕುಳಿತು ಆ ತೋಪನ್ನೇ ನೋಡಿದಳು. ಅವಳ ಅಪ್ಪ ಹಿಂದಿನ ವರ್ಷಗಳಲ್ಲಿ ಬಿಟ್ಟ ಕೊಂಬೆಯಿಂದ ಹಕ್ಕಿ ತಿಂದದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಅಳಿಲು ತಿನ್ನುತ್ತಿತ್ತು, ಹುಡುಗರು ತಿನ್ನುತ್ತಿದ್ದರು, ದಾರಿಹೋಕ ಕೋತಿ ತಿನ್ನುತ್ತಿತ್ತು. ಹಕ್ಕಿ ಪಾಲು ಎನ್ನುವುದು ಹೇಳಿಕೊಂಡು ಬಂದ ಹೆಸರು. ಆ ಹೆಸರನ್ನು ನಂಬಿ ಅವಳು ಮೀನು ತಿನ್ನುವವರಿಗೆ ಹುಣಸೆಯ ತೋಪು ದಾನ ಮಾಡಿದ್ದಳು. ಸಮಿತಿ ಬರುವಾಗ ತೋಪಿನಲ್ಲಿ ಕೋತಿಗಳಷ್ಟೇ ಇದ್ದರೆ ಮರಗಳು ಇಟ್ಟಿಗೆಯ ಒಲೆಗೆ ಹೋಗುತ್ತವೆ, ಹೋಗುವುದು ತನ್ನ ಮಾತಿನಿಂದ.

"ಹಣ್ಣು ಇರೋವರ್ಗೂ ಇವು ಹೋಗಲ್ಲ ಅಕ್ಕ," ಎಂದಳು ಚಿಕ್ಕಮಾರಮ್ಮನಿಗೆ. "ಕೀಳಲೇಬೇಕು."

"ಅಂಗಂತ ನಿನ್ನ ಸಾಹೇಬಂಗೆ ಹೇಳೋಗು," ಎಂದಳು ಚಿಕ್ಕಮಾರಮ್ಮ. "ಚಪ್ಪಾಳೆ ಬಿದ್ದಾಗ ಚೆಂದಾಗಿತ್ತು. ಈಗ ನೀನೇ ಆಡಿದ್ ಮಾತ ನೀನೇ ನುಂಗು. ಬೇಕಾದ್ರೆ ಒಂದ್ ಚೂರು ಬೆಲ್ಲ ಕೊಡ್ತೀನಿ."

ಮಾರನೆಯ ದಿನ ನಜೀರಾ ಯೋಜನಾ ಕಚೇರಿಯ ಮೆಟ್ಟಿಲು ಹತ್ತಿದಳು. ಸುಬ್ಬಕೃಷ್ಣ ಎದ್ದು ನಿಂತು ಕುರ್ಚಿ ಕೊಟ್ಟ. ಅವನ ಹಿಂದೆ ಅದೇ ನಕ್ಷೆ, ಅದರಲ್ಲಿ ಬೆಳವನಕಟ್ಟೆಯ ಸುತ್ತ ಈಗ ಹಸಿರು ಶಾಯಿಯ ಒಂದು ದುಂಡನೆಯ ಗೆರೆ. ಅವಳು ಹೇಳಿದ್ದನ್ನು ಕೇಳುತ್ತ ಅವನ ಮುಖ ಸಣ್ಣದಾಯಿತು.

"ಆವತ್ತು ಮುಟ್ಟಲ್ಲ ಅಂದ್ರಿ. ಈಗ ಎಲ್ಲಾ ಕೀಳ್ತೀನಿ ಅಂತೀರಿ. ನನಗೆ ಅರ್ಥ ಆಗುತ್ತೆ ನಜೀರಮ್ಮ. ಆದ್ರೆ ಸಮಿತಿಯವರು ಏನಂತಾರೆ? ಫಸಲು ನೋಡಿ ಆಸೆ ಬಂತು ಅಂತಾರೆ."

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಿದ್ದರಿಂದಲೇ ದಾರಿ ಹೊಳೆಯಿತು.

"ಹಾಗಾದ್ರೆ ಈ ವರ್ಷದ ಹಣ್ಣು ನನಗೆ ಬೇಡ ಸಾರ್. ಕಿತ್ತು ಊರಿನೋರ ಮನೆಗೇ ಹಾಕ್ತೀನಿ. ನನ್ನ ಮನೆಗೆ ಒಂದ್ ಸಾರಿನಷ್ಟೂ ಒಯ್ಯಲ್ಲ." ಕುರ್ಚಿಯ ಅಂಚಿಗೆ ಸರಿದು ಹೇಳಿದಳು: "ಈ ಸಲ ರೋಷಕ್ಕೆ ಹೇಳ್ತಾ ಇಲ್ಲ. ಯೋಚನೆ ಮಾಡೇ ಹೇಳ್ತಿದೀನಿ."

ಸುಬ್ಬಕೃಷ್ಣ ನಕ್ಷೆಯ ಕಡೆ ನೋಡಿದ. ಗುಡ್ಡವನ್ನು ನೋಡಿದ, ತೋಪನ್ನು ನೋಡಿದ, ನಡುವಿನ ರಸ್ತೆ ಬದಿಯ ಸಾಲುಮರಗಳನ್ನು ನೋಡಿದ. ಕೊಕ್ಕರೆಗಳು ಹಾರುವ ದಾರಿಯನ್ನು ಮೂರು ತಾಲ್ಲೂಕಿನ ಉದ್ದಕ್ಕೂ ಗುರುತು ಹಾಕಿದ್ದ ಅವನಿಗೆ ಕೋತಿಗಳು ನಡೆಯುವ ದಾರಿ ನೆನಪಾಗಿರಲಿಲ್ಲ.

"ತಪ್ಪು ನಿಮ್ಮೊಬ್ಬರದೇ ಅಲ್ಲ," ಎಂದ. "ನೀವು ಹೇಳಿದ್ರಿ, ನಾನು ಶಾಯೀಲಿ ಬರ್ದೆ. ಪೆನ್ಸಿಲ್ಲಲ್ಲಿ ಬರೀಬೇಕಿತ್ತು. ಕೋತಿಗಳಿಗೂ ಏನಾದ್ರೂ ಜಾಗ ತೋರಿಸಬೇಕಲ್ವಾ? ಬರಿಗೈಲಿ ಓಡಿಸಿದ್ರೆ ಮತ್ತೆ ಬರ್ತವೆ."

"ಗುಡ್ಡದ ಬುಡದಲ್ಲಿ ಎರಡು ಹುಣಸೆಮರ ಇದಾವೆ ಸಾರ್. ಅದನ್ನೂ ನಾನೇ ಹಿಡೀತಿದ್ದೆ. ಅವನ್ನ ಬಿಟ್ಬಿಡ್ತೀನಿ." ನಜೀರಾಳಿಗೆ ನಗು ಬಂತು. "ನಮ್ಮಪ್ಪ ಹೇಳ್ತಿದ್ದ ಹಕ್ಕಿ ಪಾಲು ಅವರಿಗೇ ಸೇರ್ಲಿ. ವಿಳಾಸ ತಪ್ಪಾಗಿತ್ತು ಅಷ್ಟೆ."

ಸುಬ್ಬಕೃಷ್ಣ ಮೇಲಧಿಕಾರಿಯ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕತ್ತಿನ ಗುಂಡಿ ಬಿಚ್ಚಿಕೊಂಡಿದ್ದ. "ಕೀಳಬಹುದಂತೆ. ಹಕ್ಕಿ ಬರದಿದ್ರೆ ಇಬ್ಬರ ಹೆಸರೂ ಕೆಡುತ್ತೆ ಅಂದ್ರು. ನಾನೂ ಬರ್ತೀನಿ ನಡೀರಿ."

ಹುಣಸೆ ಕುಟ್ಟುವ ಓಣಿಯ ಹೆಂಗಸರನ್ನೆಲ್ಲ ನಜೀರಾ ಬಸ್ಸಿಗೆ ತುಂಬಿಕೊಂಡು ಹೋದಳು. ಅವಳ ಷರತ್ತು ಒಂದೇ, ತೋಪಿನೊಳಗೆ ಯಾರೂ ಮಾತಾಡಕೂಡದು. ಕೊಕ್ಕರೆಗಳು ಮತ್ತೆ ಬೆದರಬಾರದು. ಮರ ಹತ್ತುವುದಾಗಲಿ, ಗೋಣಿಚೀಲ ಹೊರುವುದಾಗಲಿ ಆ ಹೆಂಗಸರಿಗೆ ಕಷ್ಟವಾಗಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಯಿತು. ದೋಟಿಯ ಕೊಕ್ಕೆ ಕಾಯಿಗೊಂಚಲಿಗೆ ಸಿಕ್ಕಿಸಿ ಎಳೆಯುವುದು, ಕೆಳಗೆ ಹಳೆಯ ಸೀರೆ ಹಿಡಿದು ಸದ್ದಾಗದಂತೆ ಹಣ್ಣನ್ನು ಹಿಡಿಯುವುದು. ಹೀಗೆ ನಡೆಯುತ್ತಿರಲು ಸುಬ್ಬಕೃಷ್ಣ ಚೀಲ ಹೊರಲು ಹೋಗಿ ಚೀಲದ ಮೇಲೆಯೇ ಕುಳಿತುಬಿಟ್ಟ. ಚಿಕ್ಕಮಾರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಅವಳನ್ನು ನೋಡಿ ಉಳಿದವರೂ. ತೋಪಿನ ತುಂಬ ಹೆಗಲುಗಳು ಕುಲುಕಿದವು, ಒಂದು ಸದ್ದೂ ಬರಲಿಲ್ಲ.

ಕೆರೆ ಕಡೆಯ ಮರಗಳಿಂದ ಶುರುಮಾಡಿ ರಸ್ತೆ ಕಡೆಗೆ ಬರಿದು ಮಾಡುತ್ತ ಬಂದರು. ಹಣ್ಣು ಮುಗಿದ ಮರ ಬಿಟ್ಟು ಹಣ್ಣಿರುವ ಮರಕ್ಕೆ ಕೋತಿಗಳೂ ಸರಿಯುತ್ತ ಹೋದವು. ಕೊನೆಯ ಮರವೂ ಬರಿದಾದ ಸಂಜೆ ಮುದಿ ಗಡವ ರಸ್ತೆಯ ಕಲ್ಲಿನ ಮೇಲೆ ಕುಳಿತು ನಜೀರಾಳನ್ನು ಕೆಟ್ಟದಾಗಿ ನೋಡಿತು. ಆಮೇಲೆ ಹಿಂಡನ್ನು ಕರೆದುಕೊಂಡು ಸಾಲುಮರಗಳ ಮೇಲಿಂದ ಗುಡ್ಡದ ಬುಡದ ಕಡೆಗೆ ಹೋಯಿತು. ಕಿತ್ತ ಹಣ್ಣು ಬೆಳವನಕಟ್ಟೆಯ ಮನೆಗಳ ಮಡಕೆ ಸೇರಿತು. ಆ ವರ್ಷ ಆ ಊರಿನ ಸಾರೆಲ್ಲ ಒಂದು ಕೈ ಹುಳಿ ಜಾಸ್ತಿ ಎಂದು ನೆಂಟರು ದೂರುತ್ತಿದ್ದರಂತೆ.

ಇನ್ನು ಕಾಯುವುದೊಂದೇ. ನಜೀರಾ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಹೋಗಿ, ಮರಗಳ ಕೆಳಗೆ ಕೊಡೆ ಬಿಚ್ಚಿಕೊಂಡು ನಿಲ್ಲುತ್ತಿದ್ದಳು. ಕೊಡೆ ಒಣಗಿಯೇ ಇರುತ್ತಿತ್ತು. ಮನೆಗೆ ಬಂದರೆ ಪಾಷಾ ಏನೂ ಕೇಳುತ್ತಿರಲಿಲ್ಲ. ಕೊಡೆ ತೆಗೆದುಕೊಂಡು, ಬಿಚ್ಚಿ ನೋಡಿ, ಮಡಿಸಿ ಗೂಟಕ್ಕೆ ಸಿಕ್ಕಿಸುತ್ತಿದ್ದ. ಒಂದು ಸಂಜೆ ಮಾತ್ರ, "ನೀನು ಮೊದಲ ಸಲ ನಮ್ಮ ಮನೆಗೆ ಬಂದಾಗ ನಮ್ಮಮ್ಮನ ಹತ್ರ ಎಷ್ಟ್ ದಿನ ಮಾತಾಡಿರಲಿಲ್ಲ?" ಎಂದು ಕೇಳಿದ.

"ಅದಕ್ಕೂ ಇದಕ್ಕೂ ಏನ್ರೀ?"

"ಜಾಗ ಸರಿಯಾಗಿದೆಯಾ ಅಂತ ನೋಡ್ತಾ ಇರ್ತವೆ. ಹೊಸಬರಿಗೆ ಹೊತ್ತು ಬೇಕು. ಜಗಳ ಆಡಿದ ಮನೆಗಂತೂ ಇನ್ನೂ ಹೊತ್ತು ಬೇಕು."

ಸಮಿತಿ ಬರುವ ದಿನವೂ ಬಂತು. ಅದರ ಅಧ್ಯಕ್ಷೆ ಉಮಾಮಹೇಶ್ವರಿ, ನೆರೆಗೂದಲಿನ, ಕಡಿಮೆ ಮಾತಿನ ಹೆಂಗಸು. ಇಟ್ಟಿಗೆ ಗೂಡಿನ ಕಡೆಯವರೂ ಒಂದು ಕಾರಿನಲ್ಲಿ ಬಂದಿದ್ದರು. ಅಂದು ಬೆಳಗ್ಗೆ ಹೊರಡುವಾಗ ಪಾಷಾ ತಾನು ಮಾರಲೆಂದು ಹೊಲಿದಿಟ್ಟಿದ್ದ ಹೊಸ ಕೊಡೆಗಳನ್ನೆಲ್ಲ ಕಟ್ಟಿ ಹೆಂಡತಿಯ ಕೈಗೆ ಕೊಟ್ಟಿದ್ದ. "ದೊಡ್ಡೋರು ಬರ್ತಾರೆ. ಬೇಕಾದೀತು," ಎಂದಿದ್ದ. ನಜೀರಾಳಿಗೆ ಹಿಂದಿನ ಎರಡು ವಾರ ಬರಲು ಆಗಿರಲಿಲ್ಲ. ಏರಿ ಹತ್ತುವ ಮೊದಲೇ ಅವಳು ದಿಬ್ಬದ ಕಡೆ ನೋಡಿದಳು. ದಿಬ್ಬ ಖಾಲಿಯಿತ್ತು. ಹೊರಟೇಹೋದವೋ ಏನೋ ಎಂದು ದಾಪುಗಾಲು ಹಾಕಿದಳು.

ಚಿಕ್ಕಮಾರಮ್ಮ ಎದುರು ಬಂದವಳು ಕೊಡೆಗಳ ಕಟ್ಟನ್ನು ಕಿತ್ತುಕೊಂಡು ಬಂದವರಿಗೆಲ್ಲ ಒಂದೊಂದು ಹಂಚತೊಡಗಿದಳು.

"ಬಿಸಿಲಿಗೆ ಸರಿ," ಎಂದರು ಉಮಾಮಹೇಶ್ವರಿ ತೋಪಿನೊಳಗೆ ಕಾಲಿಡುತ್ತ. "ನೆರಳಲ್ಲೂ ಯಾಕಮ್ಮ ಕೊಡೆ?"

"ಇಟ್ಕೊಂಡಿರವ್ವ," ಎಂದಳು ಚಿಕ್ಕಮಾರಮ್ಮ.

ನಜೀರಾ ತನ್ನ ಕೊಡೆ ಬಿಚ್ಚಿದಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತಲೆಯ ಮೇಲೆ ಕಡ್ಡಿಗೆ ಕಡ್ಡಿ ತಾಕಿಸಿದಂತೆ ಕೊಕ್ಕುಗಳ ಕಟಕಟ. ನಂತರ ಬಟ್ಟೆಯ ಮೇಲೆ ಟಪ್ ಎಂದು ಒಂದು ಸದ್ದು. ಇನ್ನೊಂದು. ಉಮಾಮಹೇಶ್ವರಿಯವರ ಕೊಡೆಯ ಮೇಲೆ ಒಂದೇ ಸಲಕ್ಕೆ ಮೂರ್ನಾಲ್ಕು. ಕೊಡೆ ಬೇಡವೆಂದಿದ್ದ ಇಟ್ಟಿಗೆಯವರಲ್ಲೊಬ್ಬರು ಬಿಳಿ ಅಂಗಿ ಹಿಡಿದುಕೊಂಡು ಕಾರಿನ ಕಡೆ ನಡೆದರು. ಉಮಾಮಹೇಶ್ವರಿ ಕೊಡೆಯನ್ನು ಸ್ವಲ್ಪ ಓರೆಮಾಡಿ ಮೇಲೆ ನೋಡಿದರು. ಬರಿದಾದ ಕೊಂಬೆಗಳ ಕವೆಕವೆಯಲ್ಲೂ ಗೂಡು, ಗೂಡಿನ ಅಂಚಿನಲ್ಲಿ ಕಾವು ಕೂತ ಹಕ್ಕಿಗಳ ಹಳದಿ ಕೊಕ್ಕುಗಳು.

"ಸುಬ್ಬಕೃಷ್ಣ," ಎಂದರು ಅವರು, "ಇನ್ನೇನು ನೋಡೋದಿದೆ? ಗೆರೆ ಹಾಗೇ ಇರಲಿ." ಅವನ ಕೈಯಲ್ಲಿದ್ದ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು, "ಗುಡ್ಡದ ಹತ್ತಿರ ಕಂದು ಚುಕ್ಕೆ ಯಾಕೆ ಹಾಕಿದೀರಿ?"

"ಅದು ಕೋತಿ ಪಾಲು ಮೇಡಂ," ಎಂದ ಸುಬ್ಬಕೃಷ್ಣ. "ಪೆನ್ಸಿಲ್ಲಲ್ಲಿ ಬರ್ದಿದೀನಿ."

ಸಂಜೆಯ ಬಸ್ಸಿನಲ್ಲಿ ನಜೀರಾಳ ಪಕ್ಕ ಯಾರೂ ಕೂರಲಿಲ್ಲ. ಕೊಡೆಗಳ ಕಟ್ಟಿನಿಂದ ಬರುತ್ತಿದ್ದ ವಾಸನೆ ಹಾಗಿತ್ತು. ಕಂಡಕ್ಟರು ಮೂಗು ಮುಚ್ಚಿಕೊಂಡು ಟಿಕೆಟ್ಟು ಹರಿದುಕೊಟ್ಟ. ಅವಳು ಕಿಟಕಿಯ ಕಡೆ ತಿರುಗಿ ಮರಳೂರು ಬರುವವರೆಗೂ ತನ್ನಷ್ಟಕ್ಕೆ ನಗುತ್ತಿದ್ದಳು.

ಪಾಷಾ ಹೊಸ್ತಿಲ ಮೇಲೆ ಕುಳಿತಿದ್ದ. ಅವಳು ಕಟ್ಟನ್ನು ಅವನ ತೊಡೆಯ ಮೇಲಿಟ್ಟಳು. ಅವನು ಒಂದು ಕೊಡೆ ಬಿಚ್ಚಿದ, ಇನ್ನೊಂದು ಬಿಚ್ಚಿದ. ತಾನು ಕೂತು ಹೊಲಿದ ಹೊಸ ಕಪ್ಪು ಬಟ್ಟೆಯೆಲ್ಲ ಸುಣ್ಣ ಬಳಿದ ಗೋಡೆಯಾಗಿತ್ತು.

"ಎಲ್ಲಾ ಹಾಳಾಗಿದೆ," ಎಂದ ಸಂತೋಷದಿಂದ. "ಒಂದೂ ಉಳಿದಿಲ್ಲ. ನಾಳೆ ನಿನ್ನ ಗೋಣಿಚೀಲ ಅಟ್ಟಕ್ಕೆ ಹಾಕು. ನನ್ನ ರಾಜ್ಯ ಶುರುವಾಯ್ತು."